ಕಾರನ್ನೇರಿದ ದೋಣಿ

ಜಯನಗರದಲ್ಲಿ ನದಿಯಿಲ್ಲ. ಕಾವೇರಿಯು 1974ರಿಂದ ಕೊಳವೆಯೊಳಗೆ ಬೆಂಗಳೂರಿಗೆ ಬರುತ್ತಿರುವಳಾದರೂ, ನಲ್ಲಿಯ ನೀರಿನಲ್ಲಿ ದೋಣಿ ಬಿಡುವಂತಿಲ್ಲವಷ್ಟೆ. ಆದಕಾರಣ ನಾಲ್ಕನೆಯ ಬ್ಲಾಕಿನ ಆ ನಿವೃತ್ತ ಉಪಾಧ್ಯಾಯರೂ ಅವರ ಮಗಳೂ, ಅವಳು ಹೊಸದಾಗಿ ಕೊಂಡ 14 ಅಡಿಯ ದೋಣಿಯನ್ನು ಮಳವಳ್ಳಿಯ ಕಡೆಯ ನೆಂಟರ ಊರಿನ ಕೆರೆಗೆ ಒಯ್ಯಬೇಕೆಂದು ಸಂಕಲ್ಪಿಸಿದಾಗ, ಅದನ್ನು ಕಾರಿನ ನೆತ್ತಿಗೆ ಹೊರಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. ತಲಕಾಡಿನ ಅಂಬಿಗನಿಗೆ ಈ ತೊಡಕೇ ಇಲ್ಲ. ಹರಿಗೋಲನ್ನು ಬೆನ್ನ ಮೇಲೆ ಕವುಚಿಕೊಂಡು ಆಮೆಯಂತೆ ನಡೆದುಬಿಡುತ್ತಾನೆ. ಬಿದಿರಿನ ಹಂದರಕ್ಕೆ ತೊಗಲು ಹೊದಿಸುತ್ತಿದ್ದ ಕಾಲ ಹೋಗಿ, ಪ್ಲಾಸ್ಟಿಕ್ ಹಾಳೆಗೆ ಡಾಂಬರು ಬಳಿಯುವ ಕಾಲ ಬಂದರೂ ಹೊರುವ ಬೆನ್ನು ಮಾತ್ರ ಅದೇ.

ಮಗಳು ಪಾಲಿಯೆಸ್ಟರ್ ಪಟ್ಟಿಗಳನ್ನು ತಂದಿರಿಸಿದ್ದಳು. ತಂದೆಯವರು ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹುಲ್ಲಿನ ಗಾಡಿಗೆ ಮಿಣಿ ಬಿಗಿದು ಬೆಳೆದ ಕೈಗಳಿಗೆ ಪಟ್ಟಿಯೇತಕ್ಕೆ? ಅಂಗಡಿಯಿಂದ ನೈಲಾನ್ ಹಗ್ಗ ತರಿಸಿ, ದೋಣಿಯನ್ನು ಬೋರಲು ಹಾಕಿ, ತಾವೇ ಬಿಗಿದರು. ಆಕಾಶ ಕಪ್ಪಿಟ್ಟಿತ್ತು.

“ಮಳೆ ಬಂದರೆ ಒಳ್ಳೆಯದೇ ಆಯಿತಮ್ಮ. ಹಗ್ಗ ನೆನೆದು ಇನ್ನೂ ಬಿಗಿಯುತ್ತದೆ” ಎಂದರು.

ನೂಲಿನ ಹಗ್ಗದ ಮಟ್ಟಿಗೆ ಈ ಮಾತು ದಿಟ. ನೀರು ಕುಡಿದ ಎಳೆಗಳು ಉಬ್ಬಿ ಹಗ್ಗವು ಗಿಡ್ಡವಾಗುತ್ತದೆ. ನೈಲಾನಿನ ಸ್ವಭಾವ ಇದಕ್ಕೆ ವಿರುದ್ಧ. ನೆನೆದರೆ ಅದು ಹಿಗ್ಗುತ್ತದೆ. ಅರವತ್ತು ವರ್ಷದ ಅನುಭವವು ಸುಳ್ಳಲ್ಲ. ಅದು ಬೇರೊಂದು ಹಗ್ಗದ ಅನುಭವ.

ಬನಶಂಕರಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ತಾತಗುಣಿ ಕಳೆದು, ರಸ್ತೆ ಬಿಡುವಾದೊಡನೆ ಕಾರಿನ ವೇಗವೂ ಏರಿತು. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುವುದೆಂದು ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದವರು ಅವರೇ. ನೆತ್ತಿಯ ಮೇಲೆ ಮೊದಲು ಗುಂಯ್ ಎಂಬ ಸದ್ದು. ಆಮೇಲೆ ದಡ್ ದಡ್ ಎಂಬ ಹೊಡೆತ. ದೋಣಿಯ ಮೂತಿ ಗಾಜಿನ ಮೇಲ್ಗಡೆ ಮೆಲ್ಲನೆ ಎದ್ದಿತು. ಮಗಳು ಗಾಬರಿಯಾಗದೆ ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು.

ಬೆನ್ನಹಿಂದೆಯೇ ಬರುತ್ತಿದ್ದ ಸ್ಕೂಟರೊಂದು ಪಕ್ಕದಲ್ಲಿ ಹಾದುಹೋಯಿತು. ಗಂಡಹೆಂಡಿರ ನಡುವೆ ಹಳದಿಯ ಮಳೆಯಂಗಿ ತೊಟ್ಟ ಮಗು ಕುಳಿತಿತ್ತು. ರಸ್ತೆಯಲ್ಲಿ ದೋಣಿ ಕಂಡ ಸಂತೋಷಕ್ಕೆ ಅದು ಕೈಬೀಸಿತು. ಮುದುಕರಿಗೆ ಕೈ ಮೇಲೇಳಲಿಲ್ಲ. ಸ್ಕೂಟರು ಕಣ್ಮರೆಯಾಗುವವರೆಗೂ ಮಳೆಯಲ್ಲೇ ನಿಂತಿದ್ದರು.

“ನಿನ್ನ ಪಟ್ಟಿಗಳೆಲ್ಲಮ್ಮ?”

“ಸೀಟಿನ ಕೆಳಗಿವೆಯಪ್ಪ.”

ಬೇರೊಂದು ಮಾತನ್ನು ಅವಳು ಆಡಲಿಲ್ಲ. ಆಡದಿರುವುದು ಸುಲಭವಲ್ಲವೆಂದು ತಂದೆಮಕ್ಕಳಿರುವ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಎರಡು ಪಟ್ಟಿಗಳನ್ನು ಅಡ್ಡಲಾಗಿ ಹಾಯಿಸಿ, ಗಾಳಿಗೆ ಮಿಡಿಯದಂತೆ ಒಂದೊಂದು ತಿರುವು ಕೊಟ್ಟು, ದೋಣಿಯ ಮೈ ನಗ್ಗದಷ್ಟೇ ಬಿಗಿದಳು. ಮೂತಿಯಿಂದಲೂ ಬಾಲದಿಂದಲೂ ಮತ್ತೊಂದೊಂದು ಪಟ್ಟಿಯನ್ನು ಇಳಿಬಿಟ್ಟು, ಕಾರನ್ನೆಳೆಯುವ ಕೊಂಡಿಗಳಿಗೆ ಸೇರಿಸಿದಳು. ಮೇಲಕ್ಕೆತ್ತುವ ಗಾಳಿಯನ್ನು ತಡೆಯುವಂಥವು ಇವೇ. ಉಪಾಧ್ಯಾಯರು ಇವನ್ನು ಕಟ್ಟಿಯೇ ಇರಲಿಲ್ಲ. ಈಗ ತುದಿಗಳನ್ನು ಹಿಡಿದು, ಹೇಳಿದಾಗ ಎಳೆದು, ಹೇಳಿದಾಗ ಬಿಟ್ಟರು.

ಹಾರೋಹಳ್ಳಿಯಲ್ಲೊಮ್ಮೆ, ಕನಕಪುರದಲ್ಲೊಮ್ಮೆ, ಮುಂದೆ ಇನ್ನೆರಡು ಸಲ ಕಾರು ನಿಲ್ಲಿಸಿ, ಇಳಿದು, ಪಟ್ಟಿಗಳನ್ನು ಮುಟ್ಟಿ ನೋಡಿದರು. ಕೆರೆಯ ಏರಿಯ ಮೇಲೆ ದೋಣಿ ಇಳಿಸಿದ ಬಳಿಕ, ಒದ್ದೆಯಾದ ನೈಲಾನ್ ಹಗ್ಗವನ್ನು ನೀಟಾಗಿ ಸುತ್ತಿ, ಬಟ್ಟೆ ಒಣಗಹಾಕುವುದಕ್ಕೆ ಆದೀತೆಂದು ಕಾರಿನೊಳಗೆ ಇಟ್ಟರು.