ಬಾಯಿಗೆ ಬಂದ ಹೊಟ್ಟೆ

ಬೆಳಗಿನ ಆರೂವರೆ. ಹುಬ್ಬಳ್ಳಿಯ ಇಂಡಿಪಂಪ್ ಸರ್ಕಲ್ ದಾಟಿ ಕಾರವಾರ ರಸ್ತೆಗೆ ತಿರುಗಿದರೆ ಮುಂದಿನ ದಾರಿಯನ್ನು ಮೂಗೇ ತೋರಿಸುತ್ತದೆ. ಅರಬೈಲ್ ಘಾಟಿ ಹತ್ತಿ ಬಂದ ಗಾಡಿಯಿಂದ ಥರ್ಮೊಕೋಲ್ ಡಬ್ಬಿಗಳು ಇಳಿಯುತ್ತಿವೆ. ಐಸ್ ನೀರು ಚಪ್ಪಲಿಗೆ ಇಳಿದು ನಿಮ್ಮ ಬೆರಳು ಜೋಮು ಹಿಡಿದಿವೆ.

ಮೊದಲ ಡಬ್ಬಿಯಲ್ಲಿ ದಪ್ಪ ತುಟಿಯ ಗೋಬ್ರೊ ಮೀನು. ಕಣ್ಣುಗುಡ್ಡೆ ಗೋಲಿಯಂತೆ ಹೊರಗೆ, ಬಾಯ್ತುಂಬ ಗುಲಾಬಿ ಬಣ್ಣದ ಉಂಡೆ.

“ಇದರ ನಾಲಗಿ ಎಷ್ಟ ದೊಡ್ಡದೈತ್ರಿ ಅಕ್ಕಾರ!”

“ನಾಲಗಿ ಅಲ್ರೀ ಅಣ್ಣಾರ, ಹೊಟ್ಟಿ. ಆಳದಾಗಿಂದ ಜಗ್ಗಿದ್ರ ಹಿಂಗ ಬಾಯಿಗೆ ಬರತೈತಿ. ತೊಗೋರಿ, ತಾಜಾ ಐತಿ.”

ಬೆರಳಿಟ್ಟು ಒತ್ತಿ ನೋಡುತ್ತೀರಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 90 ಮೀಟರ್ ಕೆಳಗೆ ಒಂದು ನಿಂಬೆಯಷ್ಟಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಹತ್ತು ನಿಂಬೆಯಷ್ಟು. ಮೀನಿನ ಗಾಳಿಚೀಲ ಉಬ್ಬಿ, ಜಾಗ ಸಾಲದೆ, ಹೊಟ್ಟೆಯನ್ನೇ ಆಚೆ ನೂಕಿದೆ. ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಡ್ರೈವರ್ ಅಂಕೋಲೆಯಲ್ಲಿ ಕೊಂಡ ಚಿಪ್ಸ್ ಪಾಕೀಟೂ ಉಬ್ಬಿ ಕೂತಿದೆ. ಹುಬ್ಬಳ್ಳಿ ಕಡಲಿಗಿಂತ 600 ಮೀಟರಿಗೂ ಎತ್ತರ ನೋಡಿ.

ಪಕ್ಕದ ಬುಟ್ಟಿಯಲ್ಲಿ ಕರಕರ ಸದ್ದು. ಹಗ್ಗ ಬಿಗಿದ ಏಡಿ, ಜೀವಂತ. ಇದು ಹಿನ್ನೀರಿನದು, ಆಳ ಕಂಡದ್ದಲ್ಲ. ಆದರೆ ಇದರ ದೂರದ ನೆಂಟನೊಬ್ಬ ಕಂಡಿದ್ದ: ಮೆಕ್ಸಿಕೊ ಕೊಲ್ಲಿಯ ಸುಮಾರು 800 ಮೀಟರ್ ಆಳದಿಂದ 2007ರಲ್ಲಿ ಜಪಾನಿನ ಟೋಬಾ ಅಕ್ವೇರಿಯಂಗೆ ಬಂದ ದೈತ್ಯ ಐಸೊಪಾಡ್. ಹೆಸರು ‘ನಂಬರ್ 1’. ಮೈಯಲ್ಲಿ ಗಾಳಿಚೀಲವಿಲ್ಲ, ಇರುವ ದ್ರವ ಅಷ್ಟು ಸುಲಭಕ್ಕೆ ಹಿಗ್ಗದು. ತಣ್ಣೀರು ತುಂಬಿದ ಮಾಮೂಲಿ ತೊಟ್ಟಿಯೇ ಸಾಕಾಯಿತು. 2009ರ ಜನವರಿಯಲ್ಲಿ ಉಂಡದ್ದೇ ಕಡೆ, 2014ರ ಫೆಬ್ರುವರಿಯಲ್ಲಿ ಸಾಯುವತನಕ ಉಪವಾಸ. ನಮ್ಮ ಏಕಾದಶಿಯವರು ನಾಚಬೇಕು!

ಎಲ್ಲ ಪ್ರಾಣಿಗೂ ಹೀಗೆ ನಡೆಯದು. ಇನ್ನೂ ಕೆಳಗಿನವುಗಳ ಜೀವಕಣಗಳೇ ಒತ್ತಡಕ್ಕೆ ಒಗ್ಗಿ ಹೋಗಿರುತ್ತವೆ. ಅಂಥವಕ್ಕೆಂದೇ ಫ್ರಾನ್ಸಿನ ಬ್ರೆಸ್ಟ್ ಊರಿನ ಓಶಿಯಾನೊಪೊಲಿಸ್ ಅಕ್ವೇರಿಯಂನಲ್ಲಿ 2012ರಲ್ಲಿ ‘ಅಬಿಸ್‌ಬಾಕ್ಸ್’ ಇಟ್ಟರು. ಸೀಟಿ ಹೊಡೆಯುವ ಮನೆಯ ಕುಕ್ಕರಿನೊಳಗೆ ಹೊರಗಿನ ಎರಡು ಪಟ್ಟು ಒತ್ತಡವಿದ್ದರೆ ಈ ಪೆಟ್ಟಿಗೆಯೊಳಗೆ ಸುಮಾರು 180 ಪಟ್ಟು. ಅದರ ಪುಟ್ಟ ಕಿಟಕಿಯಾಚೆ ಸಿಗಡಿಗಳು ಆರಾಮಾಗಿ ಓಡಾಡಿದವು.

“ಹೆಚ್ಚಲೇನ್ರೀ?”

ತಲೆಯಾಡಿಸುತ್ತೀರಿ. ಈಳಿಗೆಯ ಮೇಲೆ ಗೋಬ್ರೊ ಸೀಳಿಕೊಳ್ಳುತ್ತದೆ. ಬೆನ್ನೆಲುಬಿಗೆ ಅಂಟಿದ ಬಿಳಿ ಚೀಲ ಹರಿದ ಪುಗ್ಗಿಯಂತೆ ಜೋತಿದೆ. ಅಕ್ಕ ಅದನ್ನು ಹಿರಿದು ಬೆಕ್ಕಿನ ಕಡೆ ಎಸೆಯುತ್ತಾಳೆ.

ಅರ್ಧ ಕಿಲೋ ಗೋಬ್ರೊ, ಎರಡು ಏಡಿ. ಸರ್ಕಲ್ ಬರುವತನಕ ಕೈಚೀಲದೊಳಗೆ ಕರಕರ.