ಸ್ಲೋ ಲೋಕಲ್ಲಿನ ಕಿಟಕಿ ಸೀಟು

"ಟೈಮಿಲ್ಲ ಮಾರಾಯ್ರೆ!" ಮುಂಬಯಿಗೆ ಬಂದವರು ಮೊದಲು ಕಲಿಯೋದು ಈ ಮಾತನ್ನ. ಮರಾಠಿ, ಹಿಂದಿ ಎಲ್ಲ ಆಮೇಲೆ.

ನಾನು 1994ರಲ್ಲಿ ಶಿರಸಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಬೇರು ಬಿಟ್ಟವನು. ಆಫೀಸು ಫೋರ್ಟಿನಲ್ಲಿ. ಅಂದಿನಿಂದ ನಮ್ಮ ಮನೆಯ ಯಜಮಾನ ನಾನಲ್ಲ, ಬೆಳಿಗ್ಗೆ ಏಳೂ ಮುಕ್ಕಾಲರ ಆಸುಪಾಸಿನ ಒಂದು ಫಾಸ್ಟ್ ಲೋಕಲ್ಲು. ಅದಕ್ಕೋಸ್ಕರ ಹೆಂಡತಿ ಐದಕ್ಕೆ ಎದ್ದು ಡಬ್ಬಿ ಕಟ್ಟಬೇಕು. ನಾನು ನಿಂತುಕೊಂಡೇ ತಿಂಡಿ ನುಂಗಬೇಕು. ಠಾಣೆಯವರೆಗೆ ಒಂಟಿ ಕಾಲಲ್ಲಿ ತಪಸ್ಸು, ಆಮೇಲೆ ಅದೃಷ್ಟವಿದ್ದರೆ 'ಚೌಥಿ ಸೀಟ್', ಅಂದ್ರೆ ಅರ್ಧ ಅಂಡು ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ವಾಕಿಂಗ್? ಟೈಮಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕವಂತೆ, ಬರ್ತೀರಾ? ಟೈಮಿಲ್ಲ. ಊರಲ್ಲಿರೋ ಆಯಿಗೆ ಫೋನು ಭಾನುವಾರ ಮಾತ್ರ, ಐದು ನಿಮಿಷ. ಮಾತ್ರೆ ತಗೊಂಡ್ಯಾ, ಮಳೆ ಹೇಗಿದೆ, ಸರಿ ಇಡ್ತೀನಿ.

ಹೀಗೇ ಇಪ್ಪತ್ತಾರು ವರ್ಷ ಲೋಕಲ್ಲನ್ನು ಬೈದುಕೊಂಡು ಕಳೆದೆ. ಆಮೇಲೆ 2020ರ ಮಾರ್ಚಿನಲ್ಲಿ ಲೋಕಲ್ಲೇ ನಿಂತುಹೋಯಿತು ನೋಡಿ! ಮತ್ತೆ ಶುರುವಾದರೂ ನಮ್ಮಂಥವರನ್ನು ತಿಂಗಳುಗಟ್ಟಲೆ ಹತ್ತಿಸಲಿಲ್ಲ. ದಿನಕ್ಕೆ ಮೂರು ಗಂಟೆ ಪುಕ್ಕಟೆ ಕೈಗೆ ಬಂತು. ಏನು ಮಾಡಿದೆ ಅಂತೀರಿ? ಸೋಫಾದ ಮೇಲೆ ಬಿದ್ದುಕೊಂಡು ವಾಟ್ಸಾಪ್ ನೋಡಿದೆ, ಎರಡು ಹೊತ್ತು ಹೆಚ್ಚಿಗೆ ಚಹಾ ಕುಡಿದೆ. ಆಯಿಗೆ ಫೋನು? ಅದೇ ಭಾನುವಾರ, ಅದೇ ಐದು ನಿಮಿಷ. ಈ ವಿಷಯ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಗ ಮಾತ್ರ ಲೋಕಲ್ಲಿನ ಮೇಲೆ ಹಾಕೋ ಹಾಗಿರಲಿಲ್ಲ.

2022ರ ಜೂನ್‌ನಲ್ಲಿ ರಕ್ತ ಪರೀಕ್ಷೆ ಆಯ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ 6.2. "5.7ರಿಂದ 6.4ರವರೆಗೆ ಹೊಸ್ತಿಲು ಕಾಕಾ, ನೀವು ಹೊಸ್ತಿಲ ಮೇಲೆ ನಿಂತಿದ್ದೀರಿ" ಅಂದ ಡಾಕ್ಟರು. ಅವನಿಗೆ ನನ್ನ ಮಗಳ ವಯಸ್ಸು. ಹೆದರಿದೆ. ಹೆದರಿದವರು ಮಾಡೋದನ್ನೇ ಮಾಡಿದೆ: ಜಿಮ್ಮಿಗೆ ಒಂದು ವರ್ಷದ ದುಡ್ಡು ಕಟ್ಟಿ ಒಂಬತ್ತು ದಿನ ಹೋದೆ. ನಾಲ್ಕೂವರೆಗೆ ಎದ್ದು ಯೋಗ, ನಾಲ್ಕು ದಿನ. ಆ ಜಿಮ್ಮಿನ ಎದುರು ಹಾದುಹೋಗುವಾಗ ಇಂದಿಗೂ ಮುಖ ತಿರುಗಿಸ್ತೀನಿ.

ಒಂದು ದಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ಫಾಸ್ಟ್ ತಪ್ಪಿತು. ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ಡೊಂಬಿವಲಿಯಿಂದಲೇ ಹೊರಡೋ ಸ್ಲೋ ನಿಂತಿತ್ತು. ಹೋಗಿ ಕೂತೆ. ಕಿಟಕಿ ಪಕ್ಕ! ಸುಮಾರು ಇಪ್ಪತ್ತು ನಿಮಿಷ ಹೆಚ್ಚಾಯ್ತು ಅಷ್ಟೇ. ಇಷ್ಟು ವರ್ಷ ಈ ಇಪ್ಪತ್ತು ನಿಮಿಷ ಉಳಿಸೋಕೆ ಮೈಯೆಲ್ಲ ಹಿಂಡಿಸಿಕೊಂಡೆ. ಉಳಿಸಿ ಏನು ಮಾಡಿದೆ ಅಂತ ವಿದ್ಯಾವಿಹಾರ ಬರೋವರೆಗೂ ಯೋಚಿಸಿದೆ, ಉತ್ತರ ಸಿಗಲಿಲ್ಲ. ಮಾರನೇ ದಿನ ಬೇಕಂತಲೇ ಸ್ಲೋ ಹತ್ತಿದೆ.

ಫಾಸ್ಟ್ ಮಸ್ಜಿದ್ ಸ್ಟೇಷನ್ನಿನಲ್ಲಿ ನಿಲ್ಲೋದಿಲ್ಲ, ಸ್ಲೋ ನಿಲ್ಲುತ್ತದೆ. ಅಲ್ಲೇ ಇಳಿದು ಫೋರ್ಟಿಗೆ ನಡೆಯತೊಡಗಿದೆ. ಅದು ಮಸಾಲೆ, ಒಣಹಣ್ಣುಗಳ ಹೋಲ್‌ಸೇಲ್ ಪೇಟೆ. ಹಮಾಲರ ಕೈಗಾಡಿಗಳ ನಡುವೆ ಕಾಳುಮೆಣಸಿನ ವಾಸನೆ ಮೂಗಿಗೆ ಬಡಿದರೆ ನಮ್ಮನೆ ಅಂಗಳದಲ್ಲೇ ನಿಂತ ಹಾಗಾಗುತ್ತದೆ. ಚಹಾದ್ದು ಮಾತ್ರ ಕಷ್ಟ. ಟಪರಿಯವನು ಸಕ್ಕರೆ ಹಾಕಿಯೇ ಕುದಿಸಿಟ್ಟಿರುತ್ತಾನೆ, 'ಬಿನಾ ಶಕ್ಕರ್' ಅಂದ್ರೆ ಹುಚ್ಚನನ್ನು ನೋಡೋ ಹಾಗೆ ನೋಡ್ತಾನೆ. ಹಾಗಾಗಿ ದಿನದ ನಾಲ್ಕು ಕಟಿಂಗನ್ನು ಎರಡಕ್ಕೆ ಇಳಿಸಿದೆ. ಮೂರಕ್ಕೇರಿದ ದಿನಗಳೂ ಉಂಟು, ಸುಳ್ಳು ಯಾಕೆ ಹೇಳಲಿ?

"ಏನ್ರೀ, ಸ್ಲೋ ಟ್ರೈನಿಗೆ ಹೋಗೋಕೆ ಬೇಗ ಹೊರಡ್ತೀರಾ? ನಾನು ನಾಲ್ಕೂವರೆಗೆ ಏಳ್ಬೇಕಾ?" ಅಂತ ಮನೆಯಲ್ಲಿ ಗಲಾಟೆ. ನ್ಯಾಯವೇ. ಡಬ್ಬಿ ನಾನೇ ಕಟ್ಟಿಕೊಳ್ತೀನಿ ಅಂದೆ. ರಾತ್ರಿಯೇ ತರಕಾರಿ ಹೆಚ್ಚಿಡೋದು, ಬೆಳಿಗ್ಗೆ ಒಗ್ಗರಣೆ. ಮೊದಲ ವಾರ ಉಪ್ಪು ಎರಡು ಸಲ ಬಿತ್ತು, ಚಪಾತಿ ಭಾರತದ ನಕಾಶೆ. ಅವಳೀಗ ಆರೂವರೆವರೆಗೆ ಮಲಗಬಹುದು. ಆದರೆ ಎಚ್ಚರವಾಗಿಯೇ ಇರ್ತಾಳೆ. ನಾನು ಸಾಸಿವೆ ಡಬ್ಬಿ ಹುಡುಕುವಾಗ ಒಳಗಿನಿಂದ "ಎಡಗಡೆ" ಅಂತ ಧ್ವನಿ ಬರುತ್ತದೆ.

ಮಹಾ ಬದಲಾವಣೆ ಏನೂ ಆಗಿಲ್ಲ. ಕಳೆದ ಪರೀಕ್ಷೆಯಲ್ಲಿ 5.9. ಇನ್ನೂ ಹೊಸ್ತಿಲ ಮೇಲೇ. ಜೋರು ಮಳೆ ಬಂದರೆ ಸ್ಲೋನೂ ಇಲ್ಲ, ಫಾಸ್ಟೂ ಇಲ್ಲ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸೋ ದಿನ ಮತ್ತೆ ಅದೇ ಫಾಸ್ಟಿಗೆ ಜೋತುಬೀಳ್ತೀನಿ. ಆದರೆ ಬ್ಯಾಗಿನಲ್ಲಿ ಚಿತ್ತಾಲರ 'ಶಿಕಾರಿ' ಇದೆ, ಅರ್ಧ ದಾಟಿದೆ. ಇದೇ ಮುಂಬಯಿಯ ಕಾದಂಬರಿ, 1979ರದ್ದು. ನಾನು ಓದೋಕೆ ಇಷ್ಟು ವರ್ಷ ಬೇಕಾಯ್ತು.

ಮತ್ತೆ, ಗಾಡಿ ಹೊರಡೋಕೆ ಹತ್ತು ನಿಮಿಷ ಮೊದಲೇ ಕೂತಿರ್ತೀನಲ್ಲ, ಆಗ ಆಯಿಗೆ ಫೋನು. ದಿನಾ. ಅವಳಿಗೆ ಎಂಬತ್ನಾಲ್ಕು, ನಿನ್ನೆ ಹೇಳಿದ್ದು ಇವತ್ತು ಮರೆತಿರುತ್ತದೆ. ಕೊಟ್ಟಿಗೆಯ ಆಕಳು ಕರು ಹಾಕಿದ್ದನ್ನು ಮೂರು ಸಲ ಹೇಳಿದ್ದಾಳೆ, ನಾನೂ ಮೂರು ಸಲ ಹೋರಿಯೋ ಹೆಣ್ಣೋ ಅಂತ ಕೇಳಿದ್ದೇನೆ. ಮೊನ್ನೆ ಮಾತಿನ ಮಧ್ಯೆ ತಡೆದು, ದನಿ ಇಳಿಸಿ ಕೇಳಿದಳು:

"ತಮಾ, ದಿನಾ ಫೋನ್ ಮಾಡ್ತೆ... ನೌಕರಿ ಇದ್ದ, ಇಲ್ಯ?"