‘ಸಂಗ್ರಹ’ ಎಂಬ ಲೇಖಕರು

ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಚಿಕೆಗೆ ನಾನೇ ಸಂಪಾದಕ. ಹೋದ ವರ್ಷ ಕಡೆಯ ಗಳಿಗೆಯಲ್ಲಿ ಒಂದು ಪುಟ ಖಾಲಿ ಉಳಿಯಿತು. ಮಿತ್ರರೊಬ್ಬರು ಕಳುಹಿಸಿದ್ದ ಹೆಸರಿಲ್ಲದ ಹರಟೆಯೊಂದು ಕೈಯಲ್ಲಿತ್ತು; ಅತ್ತೆಯ ಒಗ್ಗರಣೆ ಡಬ್ಬಿಯನ್ನು ಕುರಿತದ್ದು. ಪುಟದಲ್ಲಿ ಹಿಡಿಸದ ಕೊನೆಯ ಪ್ಯಾರಾವನ್ನು ಕತ್ತರಿಸಿ, ಅಡಿಯಲ್ಲಿ ‘ಸಂಗ್ರಹ’ ಎಂದು ಅಚ್ಚು ಹಾಕಿಸಿದೆ. ಎಲ್ಲರೂ ಮೆಚ್ಚಿದರು. ಆ ಮೆಚ್ಚುಗೆಯಲ್ಲಿ ನಾನೂ ಒಂದು ಪಾಲು ಪಡೆದೆನೆಂಬುದನ್ನು ಮುಚ್ಚಿಡಲಾರೆ.

ವಾರದೊಳಗೆ ಪಕ್ಕದ ಬೀದಿಯ ವೃದ್ಧೆಯೊಬ್ಬರು ಬಂದರು. ಕೈಯಲ್ಲಿ ಹಳದಿಗಟ್ಟಿದ ಪತ್ರಿಕೆಯ ತುಣುಕು. ಅದರಲ್ಲಿ ಅದೇ ಹರಟೆ, ಅವರದೇ ಹೆಸರು.

“ಈ ‘ಸಂಗ್ರಹ’ ಎನ್ನುವವರು ಯಾರು?” ಎಂದು ನಕ್ಕರು. ಬೈದಿದ್ದರೆ ವಾಸಿಯಾಗಿತ್ತು. ಅನಂತರ ಮೆಲ್ಲಗೆ, “ಕೊನೆಯ ಪ್ಯಾರಾದಲ್ಲಿ ಅತ್ತೆಯವರು ತೀರಿಕೊಂಡು, ಡಬ್ಬಿ ನನ್ನ ಕೈಗೆ ಬರುತ್ತದೆ. ಅದಿಲ್ಲದೆ ನಾನು ಅವರನ್ನು ಗೇಲಿ ಮಾಡಿದಂತಾಯಿತು” ಎಂದರು.

ವಚನಕಾರರು ಜಾಣರು. ಕೂಡಲಸಂಗಮದೇವನಿಲ್ಲದೆ ಬಸವಣ್ಣನವರ ವಚನ ಮುಗಿಯದು. ಪುರಂದರವಿಠಲನಿಲ್ಲದೆ ದಾಸರ ಪದವಿಲ್ಲ. ಹೆಸರು ದೇವರದು, ಗುರುತು ಅವರದು! ಎಷ್ಟು ಬಾಯಿ ದಾಟಿದರೂ ಅಂಕಿತ ಜತೆಗೇ ನಡೆಯಿತು. ಬಡ ಗದ್ಯಕ್ಕೆ ಆ ರಕ್ಷೆಯೆಲ್ಲಿ? ಹಂಚುವವನೇ ಹೆಸರನ್ನು ಹೊರಬೇಕು.

ಕರ್ತೃವೆನಿಸಿಕೊಳ್ಳುವ ಹಕ್ಕೂ, ತನ್ನ ಗೌರವಕ್ಕೆ ಕುಂದು ಬರುವಂತೆ ಬರಹವನ್ನು ತಿರುಚಿದರೆ ತಡೆಯುವ ಹಕ್ಕೂ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಸೆಕ್ಷನ್ನಿನಲ್ಲಿವೆಯೆಂದು ವಕೀಲನಾದ ನನ್ನ ಭಾವಮೈದುನ ಆಮೇಲೆ ತಿಳಿಸಿದ. ಆಕೆ ಕಾಯಿದೆಯ ಮಾತೆತ್ತಿರಲಿಲ್ಲ.

ಈ ಸಲ ಮೊದಲೇ ಅವರ ಮನೆಗೆ ಹೋಗಿ ಅನುಮತಿ ಬೇಡಿದೆ. ಹರಟೆ ಪೂರ್ತಿಯಾಗಿ, ಹೆಸರಿನೊಡನೆ, ಮೊದಲು ಪ್ರಕಟಿಸಿದ ಪತ್ರಿಕೆಯ ಉಲ್ಲೇಖದೊಡನೆ ಅಚ್ಚಾಗುತ್ತಿದೆ. ಕರಡನ್ನು ಮಾತ್ರ ತಾವೇ ತಿದ್ದುವುದಾಗಿ ಹಟ ಹಿಡಿದಿದ್ದಾರೆ.